ಅಕ್ಕ-ತಮ್ಮ ಸೇರಿ ಪೋರ್ಚುಗಲ್‌ನಲ್ಲಿ ಗೆಸ್ಟ್‌ಹೌಸ್ ನಡೆಸಬೇಕೆಂದರೆ

ನಾನೂ ನನ್ನ ತಮ್ಮನೂ ಪೋರ್ಚುಗಲ್‌ನ ಉತ್ತರದಲ್ಲಿರುವ ಬಾರ್ಸೆಲೋಸ್ ಊರಿನಲ್ಲಿ ಐದು ಕೋಣೆಯ ಗೆಸ್ಟ್‌ಹೌಸ್ ನಡೆಸುತ್ತೇವೆ. ಪೋರ್ಟೊದಿಂದ ಸ್ಪೇನ್‌ನ ಸಾಂತಿಯಾಗೊ ಎಂಬ ಕ್ರೈಸ್ತ ಪುಣ್ಯಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಕರ ದಾರಿ ಈ ಊರಿನ ನಡುವೆಯೇ ಹಾದುಹೋಗುತ್ತದೆ. ಪೋರ್ಟೊ ಬಿಟ್ಟವರು ಹೆಚ್ಚಾಗಿ ಎರಡನೆಯ ದಿನ ಸಂಜೆ ಕಾವದೊ ನದಿಯ ಸೇತುವೆ ದಾಟಿ ಇಲ್ಲಿಗೆ ಮುಟ್ಟುತ್ತಾರೆ. ನಮ್ಮ ಅತಿಥಿಗಳಲ್ಲಿ ಜಾಸ್ತಿ ಜನ ಅವರೇ.

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ನಾನೂ ನಮ್ಮಣ್ಣನೂ ಹಾಗೆ ಮಾಡಬಹುದಾ ಅಕ್ಕಾ?" ಮಾಡಬಹುದು. ಆದರೆ ಎಲ್ಲರೂ ಮೊದಲು ವೀಸಾ ಬಗ್ಗೆ ಕೇಳುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ.

ಮೊದಲು ಒಂದು ಲಾಂಗ್ ಬುಕ್ ತನ್ನಿ

ನಮ್ಮ ಅಪ್ಪಯ್ಯ ಮತ್ತು ಚಿಕ್ಕಪ್ಪ ಕೋಟೇಶ್ವರದಲ್ಲಿ ಸೇರಿ ಹೋಟ್ಲು ನಡೆಸುತ್ತಿದ್ದರು. ಗಲ್ಲಾದ ಲೆಕ್ಕಕ್ಕೆ ಇಬ್ಬರಿಗೂ ಮಾತು ಬೆಳೆದರೆ ಅಜ್ಜಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಊಟ ಬಡಿಸುತ್ತಿದ್ದರು. ಏಳುವ ಹೊತ್ತಿಗೆ ಮಾತು ಮುಗಿದಿರುತ್ತಿತ್ತು. ಪರದೇಶದಲ್ಲಿ ಆ ಅಜ್ಜಿ ಇರುವುದಿಲ್ಲ. ಒಂದೇ ಅಡುಗೆಮನೆ, ಒಂದೇ ಬ್ಯಾಂಕ್ ಖಾತೆ, ಮುನಿಸಿಕೊಂಡರೆ ಹೋಗಿ ಕೂರಲು ಮಾವನ ಮನೆಯೂ ಇಲ್ಲ.

ನಾವು ಒಂದು ತಪ್ಪು ಮಾಡಿದೆವು. ಬೆಂಗಳೂರಿನ ನನ್ನ ಫ್ಲ್ಯಾಟ್ ಮಾರಿದ ಹಣ ಜಾಸ್ತಿ ಇತ್ತು. ಹಾಗಾಗಿ ಕಂಪನಿಯಲ್ಲಿ ನನಗೆ 60, ಅವನಿಗೆ 40 ಎಂದು ಪಾಲು ಬರೆದೆವು. ಲಾಭವನ್ನೂ ಹಾಗೆಯೇ ಹಂಚಿಕೊಂಡೆವು. ಬೆಳಿಗ್ಗೆ 5 ಗಂಟೆಗೆ ಎದ್ದು ತಿಂಡಿ ಮಾಡುವವನು ಅವನು. ನಲ್ಲಿ ಸೋರಿದರೆ ಓಡುವವನೂ ಅವನೇ. ಒಂದು ವರ್ಷ ಅವನು ಏನೂ ಹೇಳಲಿಲ್ಲ. ಆಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, "ಅಕ್ಕ, ನಾನಿಲ್ಲಿ ಕೆಲಸದವನಾ, ಪಾಲುದಾರನಾ?" ಎಂದ. ಆ ಪ್ರಶ್ನೆ ನನಗೆ ಇನ್ನೂ ನೋಯಿಸುತ್ತದೆ.

ಅದಕ್ಕೇ ಹೇಳುವುದು. ಹಾಕಿದ ಹಣಕ್ಕೆ ಪಾಲು, ಮಾಡಿದ ಕೆಲಸಕ್ಕೆ ಪಗಾರ. ಎರಡನ್ನೂ ಆ ಲಾಂಗ್ ಬುಕ್ಕಿನಲ್ಲಿ ಬೇರೆ ಬೇರೆ ಬರೆದಿಡಿ. ಈಗ ನಾವಿಬ್ಬರೂ ತಿಂಗಳಿಗೆ ಸಮ ಸಂಬಳ ತೆಗೆದುಕೊಳ್ಳುತ್ತೇವೆ. ಉಳಿದ ಲಾಭ ಮಾತ್ರ 60–40. 300 ಯೂರೊ ಮೀರಿದ ಯಾವ ಖರ್ಚಿಗೂ ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಬಿಟ್ಟು ಹೋಗುವುದಾದರೆ ಇನ್ನೊಬ್ಬರು ಆ ಪಾಲನ್ನು ಎಷ್ಟು ಕಂತಿನಲ್ಲಿ ಕೊಳ್ಳಬೇಕು ಎಂಬುದೂ ಬರೆದಿದೆ. ಒಡಹುಟ್ಟಿದವರ ನಡುವೆ ಇದನ್ನೆಲ್ಲ ಬರೆಯುವುದು ಚೆನ್ನಾಗಿರುವುದಿಲ್ಲ ಎಂದು ಅನಿಸುತ್ತದೆ, ಅಲ್ವಾ? ನಮಗೂ ಅನಿಸಿತ್ತು.

ಇನ್ನೊಂದು ಸಾಲು ತಪ್ಪದೆ ಬರೆಯಿರಿ: ಮನೆಯಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲದಿದ್ದರೆ ಮೊದಲು ಯಾರು ಹೋಗುವುದು? ಎರಡನೆಯ ವರ್ಷ ಜುಲೈನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಐದೂ ಕೋಣೆ ಭರ್ತಿ ಇತ್ತು. "ಸೀಸನ್‌ನಲ್ಲಿ ಅಕ್ಕ ಮೊದಲು, ಮೂರು ವಾರದ ಮೇಲೆ ತಮ್ಮ" ಎಂದು ಬುಕ್ಕಿನಲ್ಲಿ ಇತ್ತು. ನಾನು ಅದೇ ರಾತ್ರಿ ಪೋರ್ಟೊ ಏರ್‌ಪೋರ್ಟಿಗೆ ಹೊರಟೆ. ಚರ್ಚೆ ಮಾಡುವ ಶಕ್ತಿ ಆಗ ಇಬ್ಬರಿಗೂ ಇರಲಿಲ್ಲ, ಮಾಡಬೇಕಾಗಿಯೂ ಬರಲಿಲ್ಲ.

ಕಾಗದ ಪತ್ರ

ಮೊದಲು ತಿಳಿಯಬೇಕಾದ್ದು ಇದು. ಪೋರ್ಚುಗಲ್‌ನ ವಲಸೆ ಕಾನೂನಿನಲ್ಲಿ ವಯಸ್ಸಿಗೆ ಬಂದ ಅಕ್ಕ ತಮ್ಮ ಒಂದೇ ಕುಟುಂಬ ಅಲ್ಲ. ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳುವ ಹಾಗೆ ತಮ್ಮನನ್ನು ಕರೆಸಿಕೊಳ್ಳಲು ಆಗುವುದಿಲ್ಲ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ಇಬ್ಬರಿಗೂ ಸ್ವಂತ ಹಣ, ಕಂಪನಿಯಲ್ಲಿ ಪಾಲು ಮತ್ತು ಕೆಲಸ ಇದೆ ಎಂದು ತೋರಿಸಬೇಕು. ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೆ ಹೋದರೆ ಏನು ಮಾಡುವುದು ಎಂದು ಮುಂಚೆಯೇ ಮಾತಾಡಿಕೊಳ್ಳಿ.

ಸ್ವಂತ ವ್ಯಾಪಾರಕ್ಕೆ ಬರುವವರ ವೀಸಾಕ್ಕೆ ಡಿ2 ಎನ್ನುತ್ತಾರೆ. ನಾವು ಹಿಡಿದ ದಾರಿ ಹೀಗಿತ್ತು. ಮೊದಲು ಇಲ್ಲಿನ ತೆರಿಗೆ ಸಂಖ್ಯೆ ನಿಫ್, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಕಂಪನಿ, ಕೊನೆಗೆ ವೀಸಾ ಅರ್ಜಿ. ಕಂಪನಿಗೆ "ಲಿಮಿಟಾಡ" ಎಂಬ ಸಾಮಾನ್ಯ ರೂಪವೇ ಸಾಕು. ಕಾನೂನಿನ ಪ್ರಕಾರ ಒಬ್ಬ ಪಾಲುದಾರರ ಕನಿಷ್ಠ ಬಂಡವಾಳ 1 ಯೂರೊ. ಆದರೆ 2 ಯೂರೊ ಬಂಡವಾಳ ತೋರಿಸಿ ಗೆಸ್ಟ್‌ಹೌಸ್ ಮಾಡುತ್ತೇವೆ ಎಂದರೆ ವೀಸಾ ಕೊಡುವವರು ನಂಬುವುದಿಲ್ಲ. ನಿಜವಾಗಿ ಹಾಕುವ ಹಣವನ್ನೇ ತೋರಿಸಿ. ವೀಸಾದ ಅವಧಿ 4 ತಿಂಗಳು. ಅಷ್ಟರೊಳಗೆ ಇಲ್ಲಿಗೆ ಬಂದು ವಾಸದ ಪರವಾನಗಿ ಮಾಡಿಸಿಕೊಳ್ಳಬೇಕು. ಮೊದಲ ಪರವಾನಗಿ 2 ವರ್ಷಕ್ಕೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ತುಂಬಾ ಮುಖ್ಯ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು, ತಮ್ಮನದರಲ್ಲಿ ಅಪ್ಪಯ್ಯನ ಹೆಸರಿತ್ತು. ಇಲ್ಲಿ ಒಂದು ಕಚೇರಿಯಲ್ಲಿ ನಾವು ಒಡಹುಟ್ಟಿದವರು ಎಂದರೆ ನಂಬಲೇ ಇಲ್ಲ, ಗಂಡ ಹೆಂಡತಿ ಎಂದು ಬರೆದುಕೊಂಡರು. ಅದನ್ನು ತಿದ್ದಿಸಲು ಎರಡು ತಿಂಗಳು ಹಿಡಿಯಿತು. ಹೊರಡುವ ಮೊದಲೇ ಇಬ್ಬರ ಪಾಸ್‌ಪೋರ್ಟಿನಲ್ಲೂ ಒಂದೇ ಸರ್‌ನೇಮ್ ಮಾಡಿಸಿ. ಜನನ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಎರಡಕ್ಕೂ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಹಾಕಿಸಿ, ಪೋರ್ಚುಗೀಸ್‌ಗೆ ಅನುವಾದ ಮಾಡಿಸಿ ತನ್ನಿ.

ಹಣ ಕಳಿಸುವಾಗಲೂ ಎಚ್ಚರ ಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಕಂಪನಿಯ ಪಾಲಿಗೆ ಹಾಕುವ ಹಣವನ್ನು ಸುಮ್ನೆ ಖರ್ಚಿಗೆ ಎಂದು ಬರೆದು ಕಳಿಸಬಾರದು. 2022ರ ಸಾಗರೋತ್ತರ ಹೂಡಿಕೆ ನಿಯಮದಡಿ ಬ್ಯಾಂಕಿಗೆ ಫಾರ್ಮ್ ಎಫ್‌ಸಿ ಕೊಟ್ಟು ಆ ಹೂಡಿಕೆಯ ಗುರುತು ಸಂಖ್ಯೆ ಯುಐಎನ್ ಪಡೆಯಬೇಕು. 2025ರ ಏಪ್ರಿಲ್‌ನಿಂದ ಇಂಥ ಹಣದಲ್ಲಿ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ನಿಮ್ಮ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದನ್ನು ಬಿಟ್ಟೇ ಲೆಕ್ಕ ಹಾಕಿ.

ಮನೆಯನ್ನು ಜನವರಿಯಲ್ಲಿ ನೋಡಿ

ಬೇಸಿಗೆಯಲ್ಲಿ ಇಲ್ಲಿನ ಕಲ್ಲಿನ ಮನೆಗಳು ತಂಪಾಗಿ, ಚಂದವಾಗಿ ಕಾಣುತ್ತವೆ. ಜನವರಿಯಲ್ಲಿ ಅದೇ ಗೋಡೆಗಳ ಮೂಲೆಯಲ್ಲಿ ಬೂಷ್ಟು ಹಿಡಿದಿರುತ್ತದೆ. ಈ ಭಾಗದಲ್ಲಿ ಮಳೆ ಹೆಚ್ಚಾಗಿ ಬರುವುದು ಚಳಿಗಾಲದಲ್ಲಿ. ನಮ್ಮೂರಿನ ಆಷಾಢದ ಹಾಗೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಜೊತೆಗೆ ಚಳಿ ಬೇರೆ. ಮಂಚವನ್ನು ಗೋಡೆಯಿಂದ ಎಳೆದು ಹಿಂದೆ ಮೂಸಿ ನೋಡಿ. ಹೊಸ ಬಣ್ಣದ ವಾಸನೆ ಬಂದರೆ ಯಾಕೆ ಬಳಿದಿದ್ದಾರೆ ಎಂದು ಕೇಳಿ. ತೇವ ಎಳೆಯುವ ಯಂತ್ರ ಮತ್ತು ಬಟ್ಟೆ ಒಣಗಿಸುವ ಡ್ರೈಯರ್, ಇವೆರಡನ್ನು ಮೊದಲ ದಿನವೇ ಕೊಳ್ಳಿ.

ನಮ್ಮಂಥ ಸಣ್ಣ ಗೆಸ್ಟ್‌ಹೌಸ್‌ಗಳಿಗೆ ಇಲ್ಲಿ "ಅಲೊಜಮೆಂಟು ಲೊಕಾಲ್" ಎಂಬ ನೋಂದಣಿ ಬೇಕು. ಎಲ್ಲರೂ ಎಎಲ್ ಎನ್ನುತ್ತಾರೆ. 2014ರ ಕಾನೂನು ಅದು. ನಮ್ಮ ಬಗೆಯ ಮನೆಗೆ 9 ಕೋಣೆ, 27 ಜನ ಮಿತಿ. ಊರಿನ ಪುರಸಭೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. 2023ರಲ್ಲಿ ಸರ್ಕಾರ ದೇಶದ ಹಲವು ಕಡೆ ಹೊಸ ನೋಂದಣಿ ನಿಲ್ಲಿಸಿತ್ತು. 2024ರ ನವೆಂಬರ್‌ನಿಂದ ಆ ತಡೆ ಹೋಗಿ, ನಿರ್ಧಾರ ಹೆಚ್ಚಾಗಿ ಪುರಸಭೆಗಳ ಕೈಗೆ ಬಂದಿದೆ. ಹಾಗಾಗಿ ಲಿಸ್ಬನ್‌ನಲ್ಲಿರುವ ಗೆಳೆಯರು ಹೇಳಿದ್ದನ್ನು ನಂಬಿ ಬೇರೆ ಊರಲ್ಲಿ ಅಡ್ವಾನ್ಸ್ ಕೊಡಬೇಡಿ. ನೀವು ಮನೆ ನೋಡಿದ ಊರಿನ ಪುರಸಭೆಗೇ ಹೋಗಿ ಕೇಳಿ.

ಬಾಡಿಗೆ ಮನೆಯಾದರೆ, ಅತಿಥಿಗಳನ್ನು ಇಡಲು ಮಾಲೀಕರ ಒಪ್ಪಿಗೆ ಇದೆ ಎಂಬ ಸಾಲು ಕರಾರಿನಲ್ಲೇ ಇರಬೇಕು. ನಾವು ನೋಡಿದ ಮೊದಲ ಮನೆಯ ಮಾಲೀಕರು ಬಾಯಲ್ಲಿ ಹೂಂ ಅಂದಿದ್ದರು. ಎರಡು ತಿಂಗಳ ಬಾಡಿಗೆ ಕೊಟ್ಟ ಮೇಲೆ, ಬರೆದುಕೊಡಿ ಎಂದರೆ ಆಗುವುದಿಲ್ಲ ಎಂದರು. ಆ ಹಣ ಹೋಯಿತು.

ಬೆಂಕಿ ಆರಿಸುವ ಸಿಲಿಂಡರ್, ಬೆಂಕಿಯ ಮೇಲೆ ಹೊದಿಸಿ ಆರಿಸುವ ಕಂಬಳಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕಾಣುವ ಜಾಗದಲ್ಲಿ ತುರ್ತು ಕರೆಯ 112 ನಂಬರ್, ವಿಮೆ, ದೂರು ಪುಸ್ತಕ. ಇವು ಕಡ್ಡಾಯ. ಮನೆಯ ನಿಯಮದ ಪುಸ್ತಕ ಪೋರ್ಚುಗೀಸ್, ಇಂಗ್ಲಿಷ್ ಮತ್ತು ಇನ್ನೂ ಎರಡು ಪರಭಾಷೆಗಳಲ್ಲಿ ಇರಬೇಕು. ಕೋಣೆಯ ಬಾಡಿಗೆಗೆ 6% ಇವಾ ತೆರಿಗೆ, ನಮ್ಮ ಜಿಎಸ್‌ಟಿ ಇದ್ದ ಹಾಗೆ. ಒಳ್ಳೆಯ ಅಕೌಂಟೆಂಟ್ ಹಿಡಿಯಿರಿ, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ದಿನದ ಕೆಲಸ

ವಿದೇಶಿ ಅತಿಥಿ ಬಂದ 3 ಕೆಲಸದ ದಿನಗಳೊಳಗೆ ಅವರ ವಿವರವನ್ನು ಸಿಬಾ ಎಂಬ ಸರ್ಕಾರಿ ವ್ಯವಸ್ಥೆಗೆ ಕಳಿಸಬೇಕು. ಯುರೋಪಿನ ಬೇರೆ ದೇಶದವರೂ ಇದರಲ್ಲಿ ಸೇರುತ್ತಾರೆ. ನಾನು ರಾತ್ರಿ ಊಟದ ಮೊದಲು ಅಂದಿನದನ್ನು ಅಂದೇ ಮುಗಿಸುತ್ತೇನೆ. ನಾಳೆಗೆ ಇಟ್ಟರೆ ಮರೆತೇ ಹೋಗುತ್ತದೆ.

ಒಂದು ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಬೇಕು: ಹಾಸಿದ್ದು ಒಂದು, ಒಗೆಯಲು ಹಾಕಿದ್ದು ಒಂದು, ಕಪಾಟಿನಲ್ಲಿ ಒಂದು. ಯಾತ್ರಿಕರ ಬೆನ್ನುಚೀಲ ಹಾಸಿಗೆಯ ಮೇಲೆ ಬರಬಾರದು. ತಿಗಣೆ ಬರುವುದು ಅದರಲ್ಲೇ. ಬಾಗಿಲ ಪಕ್ಕ ಮರದ ಸ್ಟ್ಯಾಂಡ್ ಇಟ್ಟು, ಪ್ರೀತಿಯಿಂದ ಅಲ್ಲೇ ಇಡಿಸಿ. ಯಾತ್ರಿಕರು ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಕಿರುಪುಸ್ತಕಕ್ಕೆ ಒತ್ತಲು ನಿಮ್ಮದೇ ಮುದ್ರೆ ಮಾಡಿಸಿ. ನಮ್ಮ ಮುದ್ರೆಯಲ್ಲಿ ಒಂದು ದೋಣಿ ಇದೆ, ತಮ್ಮನೇ ಬರೆದದ್ದು.

ಅವರು ಇಲ್ಲಿಂದ ಪೊಂತಿ ದ ಲಿಮಾಕ್ಕೆ ಹೋಗುತ್ತಾರೆ. ಒಂದೇ ದಿನಕ್ಕೆ 30 ಕಿಲೋಮೀಟರ್‌ಗೂ ಹೆಚ್ಚಿನ ದಾರಿ. ಆದ್ದರಿಂದ ತಿಂಡಿ 6 ಗಂಟೆಗೆ ತಯಾರಿರಬೇಕು. ಬ್ರೆಡ್ಡಿನವರು ಬೆಳಗಿನ ಜಾವ ಬಂದು ಬಾಗಿಲಿಗೆ ತೂಗುಹಾಕಿದ ಬಟ್ಟೆಚೀಲದಲ್ಲಿ ಬ್ರೆಡ್ಡು ಹಾಕಿ ಹೋಗುತ್ತಾರೆ. ಗುರುವಾರ ಊರಿನ ದೊಡ್ಡ ಸಂತೆ. ಸಂತೆ ಮೈದಾನದಲ್ಲಿ ಬುಧವಾರ ರಾತ್ರಿ ಕಾರು ನಿಲ್ಲಿಸಬೇಡಿ ಎಂದು ಅತಿಥಿಗಳಿಗೆ ಮೊದಲೇ ಹೇಳಬೇಕು. ಮೇ 3ರ ಸುತ್ತ ಶಿಲುಬೆಗಳ ಹಬ್ಬ. ಆಗಿನ ಕೋಣೆಗಳು ತಿಂಗಳುಗಟ್ಟಲೆ ಮುಂಚೆಯೇ ಹೋಗುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಹೆಚ್ಚು ಕಡಿಮೆ ಖಾಲಿ. ಆ ನಾಲ್ಕು ತಿಂಗಳ ಬಾಡಿಗೆ, ಕರೆಂಟು, ಇಬ್ಬರ ಸಂಬಳ ಅಕ್ಟೋಬರ್ ಮುಗಿಯುವಾಗ ಬ್ಯಾಂಕಿನಲ್ಲಿ ಇರಲೇಬೇಕು.

ಭಾಷೆಗೆ ಹೆದರಬೇಡಿ. ಚಾವಿ, ಮೇಜು, ಜನೇಲು, ಬಾಲ್ದಿ (ಬಕೆಟ್ಟು), ಬಟಾಟೆ. ಇವೆಲ್ಲ ನಾನೂರು ಐನೂರು ವರ್ಷದ ಹಿಂದೆ ಇಲ್ಲಿಂದ ನಮ್ಮ ಕರಾವಳಿಗೆ ಬಂದ ಮಾತುಗಳು. ಮೊದಲ ವಾರ ಕ್ಲೀನಿಂಗ್‌ಗೆ ಬರುವ ದೊಡ್ಡಮ್ಮ "ಬಾಲ್ದ್" ಎಂದಾಗ ತಮ್ಮ ಯೋಚಿಸದೆ ಬಾಲ್ದಿ ತಂದುಕೊಟ್ಟ. ಈಗ ಸಂಜೆ ಕುಂಟುತ್ತಾ ಬರುವವರಿಗೆ ಅವನು ಮೊದಲು ಕೊಡುವುದೂ ಅದನ್ನೇ, ಬಿಸಿನೀರು ಮತ್ತು ಒಂದು ಮುಷ್ಟಿ ಉಪ್ಪು ಹಾಕಿ. ನಮ್ಮ ಬಗ್ಗೆ ಅತಿಥಿಗಳು ಬರೆಯುವ ಮಾತಿನಲ್ಲಿ ಹೆಚ್ಚು ಬಾರಿ ಬರುವುದು ಆ ಬಾಲ್ದಿಯೇ.

ಭಾನುವಾರ ರಾತ್ರಿ ಲಾಂಗ್ ಬುಕ್ ತೆರೆದು ಕೂರುತ್ತೇವೆ. ಎಷ್ಟೇ ಸುಸ್ತಾಗಿದ್ದರೂ ಅದು ತಪ್ಪುವುದಿಲ್ಲ. ತಮ್ಮನಿಗೆ ಮದುವೆ ಗೊತ್ತಾಗಿದೆ. ಹುಡುಗಿ ಬ್ರಹ್ಮಾವರದವಳು, ಬಂದು ನಮ್ಮ ಜೊತೆ ಕೆಲಸ ಮಾಡುತ್ತೇನೆ ಎಂದಿದ್ದಾಳೆ. ಅವಳಿಗೆ ಸಂಬಳವೋ, ಪಾಲೋ, ಎರಡೂ ಎಂದೋ ನಾವಿಬ್ಬರೇ ಬರೆಯುವುದು ಸರಿಯಲ್ಲ ಎನಿಸಿತು. ಅವಳು ಬಂದು ಹೇಳಲಿ ಎಂದು ಒಂದು ಪುಟ ಖಾಲಿ ಬಿಟ್ಟಿದ್ದೇವೆ.