ತಾಯಿ ಕಾರ್ಡಿನಿಂದ ಯು-ವಿನ್‌ವರೆಗೆ: ಬಾಣಂತಿ ತವರಿಗೆ ಹೋದರೂ ದಾಖಲೆ ಕಡಿಯದಂತೆ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆ ನಡೆದುಬಂದ ಪದ್ಧತಿ. ಸೀಮಂತ ಮುಗಿಸಿಕೊಂಡು ಹೋದವಳು ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ವಾಪಸ್ಸಾಗುತ್ತಾಳೆ. ಸರ್ಕಾರದ ಪೋರ್ಟಲ್‌ಗಳಲ್ಲಿ ದಾಖಲೆ ಕಡಿದುಹೋಗುವುದು ಬಹುಪಾಲು ಈ ಓಡಾಟದಲ್ಲೇ. ತಾಯಿ ಕಾರ್ಡ್ ಒಂದು ಊರಿನದು, ಲಸಿಕೆ ಇನ್ನೊಂದು ಊರಿನದು, ಬ್ಯಾಂಕ್ ಖಾತೆ ಮದುವೆಗೆ ಮುಂಚಿನದು. ಇವು ಮೂರೂ ಒಂದೇ ಹೆಂಗಸಿನವು ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ.

ಗರ್ಭ ನಿಂತದ್ದು ಗೊತ್ತಾದ ಕೂಡಲೇ, ಮೊದಲ ಮೂರು ತಿಂಗಳೊಳಗೆ, ಆರೋಗ್ಯ ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಕಾರ್ಡಿನ ಮೇಲಿರುವ ಆರ್‌ಸಿಎಚ್ (ಸರ್ಕಾರದ ತಾಯಿ-ಮಗು ಆರೋಗ್ಯ ದಾಖಲೆ) ನಂಬರ್ ಮುಂದೆ ಎಲ್ಲ ಕಡೆ ಕೇಳುತ್ತಾರೆ. ಆರ್‌ಸಿಎಚ್ ಪೋರ್ಟಲ್ಲಿಗೆ ಮಾಹಿತಿ ಹಾಕುವುದು ಆರೋಗ್ಯ ಸಿಬ್ಬಂದಿ. ನೀವು ಮನೆಯಲ್ಲಿ ಕೂತು ತಿದ್ದಲಾಗದು. ಹಾಗಾಗಿ ಮೊದಲ ದಿನವೇ ಮೂರು ವಿಷಯ ಸರಿಯಿರಬೇಕು.

ಒಂದು, ಕೊನೆಯ ಮುಟ್ಟಿನ ಮೊದಲ ದಿನ. ಅದಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ: 10 ಜನವರಿ 2025 ಆಗಿದ್ದರೆ 17 ಅಕ್ಟೋಬರ್ 2025. ತಾರೀಖು ನೆನಪಿಲ್ಲವೆಂದು 1 ಅಥವಾ 15 ಎಂದು ಬರೆಸಿಬಿಡಬೇಡಿ. ಸಂಕ್ರಾಂತಿಗೆ ಮುಂಚೆಯೋ ಆಮೇಲೋ, ಯಾರ ಮದುವೆಯ ವಾರ ಎಂದು ನೆನೆದರೆ ಸಾಮಾನ್ಯವಾಗಿ ಹತ್ತಿರದ ದಿನ ಸಿಗುತ್ತದೆ. ಮುಟ್ಟು ಏರುಪೇರಿದ್ದವರಿಗೆ ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಹೇಳುವ ದಿನವೇ ಹೆಚ್ಚು ನಂಬಿಕೆಯದು. ಆ ರಿಪೋರ್ಟನ್ನು ಸಿಸ್ಟರ್‌ಗೆ ತೋರಿಸಿ.

ಎರಡು, ಮೊಬೈಲ್ ನಂಬರ್. ತಾಯಿಯ ಕೈಯಲ್ಲೇ ಇರುವ, ರೀಚಾರ್ಜ್ ತಪ್ಪದ ನಂಬರ್ ಕೊಡಿ. ಗಂಡನ ನಂಬರ್ ಕೊಟ್ಟರೆ ಒಟಿಪಿ ಅವನ ಕೆಲಸದ ಜಾಗಕ್ಕೆ ಹೋಗುತ್ತದೆ, ಇವಳು ತವರಿನ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಿರುತ್ತಾಳೆ.

ಮೂರು, ಹೆಸರು. ಆಧಾರ್‌ನಲ್ಲಿ ಹೇಗಿದೆಯೋ ಹಾಗೆಯೇ. ಲಕ್ಷ್ಮಿಯ ಇಂಗ್ಲಿಷ್ ಕಾಗುಣಿತ ಒಂದು ಕಡೆ 'ಎಕ್ಸ್' ಇದ್ದು ಇನ್ನೊಂದು ಕಡೆ 'ಕೆಎಸ್‌ಎಚ್' ಆದರೆ, ಅಥವಾ ತಂದೆಯ ಇನಿಶಿಯಲ್ ಹೋಗಿ ಗಂಡನದು ಬಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಧಾರ್ ತಿದ್ದಿಸುವುದಿದ್ದರೆ ಅರ್ಜಿಗೆ ಮುಂಚೆಯೇ ತಿದ್ದಿಸಿ.

ಇನ್ನು ಬಸುರಿ, ಬಾಣಂತಿಯರಿಗೆ ನೆರವಿನ ಹಣ ಕೊಡುವ ಕೇಂದ್ರದ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ (3,000, ಆಮೇಲೆ 2,000). ಎರಡನೆಯದು ಹೆಣ್ಣಾದರೆ ಒಂದೇ ಸಲ 6,000. ಬಿಪಿಎಲ್ ಕಾರ್ಡ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಪ್ರಮಾಣಪತ್ರ ಇಂಥವುಗಳಲ್ಲಿ ಒಂದಿದ್ದರೂ ಸಾಕು. ಅಂಗನವಾಡಿ ಕಾರ್ಯಕರ್ತೆ ಅರ್ಜಿ ಹಾಕಿಕೊಡುತ್ತಾರೆ. ಇಲ್ಲವಾದರೆ ಯೋಜನೆಯ ಪೋರ್ಟಲ್‌ನ 'ಸಿಟಿಜನ್ ಲಾಗಿನ್'ನಲ್ಲಿ ಮೊಬೈಲ್ ಒಟಿಪಿ ಕೊಟ್ಟು ನೀವೇ ತುಂಬಬಹುದು. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇದೆಯೇ ನೋಡಿಕೊಳ್ಳಿ. ಹಣ ಮಂಜೂರಾಗಿದೆ, ಒಟಿಪಿ ಹೇಳಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ.

ಹಣ ಬರಲಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಖಾತೆಯನ್ನು ಆಧಾರ್‌ಗೆ ಜೋಡಿಸಿರುವುದು. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎನ್ನುತ್ತಾರೆ. ಅದು ಬರೀ ಕೆವೈಸಿ, ಅಂದರೆ ಗುರುತಿನ ಪುರಾವೆ. ಯೋಜನೆಯ ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಿಸಿರುವ ಒಂದೇ ಬ್ಯಾಂಕಿಗೆ, ಮತ್ತು ಅದು ಕೊನೆಗೆ ಸೀಡ್ ಆದ ಬ್ಯಾಂಕ್. ಕಾಲೇಜು ದಿನಗಳಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲಿ 3,000 ರೂಪಾಯಿ ಕೂತಿರುವುದು ಅಪರೂಪವೇನಲ್ಲ. 'ಮೈ ಆಧಾರ್' ತಾಣಕ್ಕೆ ಹೋಗಿ ಆಧಾರ್ ನಂಬರ್, ಒಟಿಪಿ ಕೊಟ್ಟು 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, 'ಆಕ್ಟಿವ್' ಹೌದೋ ಅಲ್ಲವೋ ಕಾಣುತ್ತದೆ. ಬೇರೆ ಬ್ಯಾಂಕ್ ಬೇಕಿದ್ದರೆ ಆ ಶಾಖೆಗೆ ಹೋಗಿ 'ಆಧಾರ್ ಸೀಡಿಂಗ್' ಎಂದೇ ಹೇಳಿ ಫಾರಂ ಕೊಡಿ. 'ಲಿಂಕ್ ಮಾಡಿ' ಎಂದರೆ ಮತ್ತೆ ಕೆವೈಸಿಯನ್ನೇ ಮಾಡಿ ಕಳಿಸಿಯಾರು.

ಎರಡನೇ ಕಂತಿಗೆ ಎರಡು ಬೇಕು: ಮಗುವಿನ ಜನನ ನೋಂದಣಿ, 14 ವಾರದವರೆಗಿನ ಲಸಿಕೆ. ತವರಿನ ಓಡಾಟ ಕೈಕೊಡುವುದು ಇಲ್ಲಿಯೇ.

ಲಸಿಕೆಯ ದಾಖಲೆ ಸರ್ಕಾರದ ಲಸಿಕೆ ತಾಣವಾದ ಯು-ವಿನ್‌ನಲ್ಲಿ ಇರುತ್ತದೆ. ತಾಣ ತೆರೆದು ಮೊಬೈಲ್ ನಂಬರ್, ಒಟಿಪಿ ಕೊಟ್ಟು ಒಳಗೆ ಹೋಗಿ. ಆಸ್ಪತ್ರೆಯವರು ಮಗುವನ್ನು ಆಗಲೇ ಸೇರಿಸಿದ್ದರೆ ನಿಮ್ಮ ನಂಬರಿನಡಿ ಕಾಣುತ್ತದೆ. ಕಾಣದಿದ್ದರೆ ಹೊಸದಾಗಿ ಸೇರಿಸುವ ಆತುರ ಬೇಡ. ತವರಿನಲ್ಲಿ ಅಣ್ಣನ ನಂಬರೋ ಅಮ್ಮನ ನಂಬರೋ ಕೊಟ್ಟಿರಬಹುದು. ಮೊದಲು ಅದರಲ್ಲಿ ಹುಡುಕಿ. ಹೊಸದು ಮಾಡಿದರೆ ಒಂದೇ ಮಗುವಿಗೆ ಎರಡು ದಾಖಲೆ: ಒಂದರಲ್ಲಿ ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಮಾತ್ರ, ಇನ್ನೊಂದರಲ್ಲಿ ಅವು ಬಿಟ್ಟು ಉಳಿದದ್ದು. ಎರಡೂ ಅರ್ಧ. ಊರು ಬದಲಿಸಿದಾಗ ಅಲ್ಲಿನ ಆಶಾ ಅಕ್ಕನಿಗೆ ಹಳೆಯ ನಂಬರನ್ನೇ ಹೇಳಿ, ಆ ದಾಖಲೆಯನ್ನೇ ತೆಗೆಯಲು ಕೇಳಿ. ಲಸಿಕೆ ಹಾಕಿಸುವ ಜಾಗ ಬೇರೆಯಾದರೆ ತೊಂದರೆಯಿಲ್ಲ; ಪಿನ್‌ಕೋಡ್ ಹಾಕಿ ಹತ್ತಿರದ ಕೇಂದ್ರ, ದಿನ ಆರಿಸಿಕೊಳ್ಳಬಹುದು.

ಇಂಜೆಕ್ಷನ್ ದಿನ ಕೇಂದ್ರದಿಂದ ಹೊರಡುವ ಮುಂಚೆ ಯು-ವಿನ್ ದಾಖಲೆಯಲ್ಲಿ ಲಸಿಕೆಯ ಸಾಲು ಎಣಿಸಿ. ಒಂದೂವರೆ ತಿಂಗಳಿಗೆ (6 ವಾರ) ಐದು: ಬಾಯಿಗೆ ಪೋಲಿಯೊ ಹನಿ, ರೋಟಾ (ಭೇದಿ ತಡೆಗೆ), ಸೂಜಿಯಲ್ಲಿ ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ), ಪಿಸಿವಿ (ನ್ಯುಮೋನಿಯಾ ತಡೆಗೆ), ಐಪಿವಿ (ಪೋಲಿಯೊ ಸೂಜಿ). ಎರಡೂವರೆ ತಿಂಗಳಿಗೆ (10 ವಾರ) ಮೂರೇ: ಪೋಲಿಯೊ ಹನಿ, ರೋಟಾ, ಪೆಂಟಾ. ಮೂರೂವರೆಗೆ (14 ವಾರ) ಮತ್ತೆ ಐದು. ತಾಯಿ ಕಾರ್ಡಿನಲ್ಲಿ ಐದು ತಾರೀಖಿದ್ದು ಮೊಬೈಲಿನಲ್ಲಿ ನಾಲ್ಕೇ ಇದ್ದರೆ ಅಲ್ಲೇ ಹೇಳಿ. ಹದಿನೈದು ದಿನ ಬಿಟ್ಟು ಹೋದರೆ ಬಾಟಲಿಯೂ ಇರುವುದಿಲ್ಲ, ನೆನಪೂ ಇರುವುದಿಲ್ಲ. ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಪೋಲಿಯೊ ಹನಿ, ರೋಟಾ, ಪೆಂಟಾ ಡೋಸುಗಳ ನಡುವೆ ಕನಿಷ್ಠ 4 ವಾರವಿರಬೇಕು. ತಾಯಿ ಕಾರ್ಡಿನ ಪ್ರತಿ ಪುಟದ ಫೋಟೋ ಫೋನಿನಲ್ಲಿರಲಿ. ನೆಟ್‌ವರ್ಕ್ ಇಲ್ಲದ ದಿನ ಅದೇ ಆಧಾರ.

ಡಾಕ್ಟರನ್ನು ವಿಡಿಯೊದಲ್ಲಿ ಕಾಣಲು ಇ-ಸಂಜೀವಿನಿ ಇದೆ. ಹಾಲು ಕಟ್ಟಿಕೊಂಡದ್ದು, ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟಿದ್ದು ಇಂಥವಕ್ಕೆ ಚೆನ್ನ. ಆದರೆ ಬಸುರಿಗೆ ರಕ್ತಸ್ರಾವ, ತಡೆಯಲಾಗದ ತಲೆನೋವು, ಕಣ್ಣು ಮಂಜು, ಫಿಟ್ಸ್, ಮಗುವಿನ ಮಿಸುಕಾಟ ಕಡಿಮೆಯಾಗುವುದು; ಎರಡು ತಿಂಗಳೊಳಗಿನ ಕೂಸು ಹಾಲು ಕುಡಿಯದಿರುವುದು, ಮೈ 37.5 ಡಿಗ್ರಿ ಸೆಲ್ಸಿಯಸ್ ದಾಟುವುದು, ಇವಕ್ಕೆ ಯಾವ ಲಾಗಿನ್ನೂ ಬೇಡ. 108ಕ್ಕೆ ಫೋನ್ ಮಾಡಿ.

ಜನನ ನೋಂದಣಿ ಮಗು ಹುಟ್ಟಿದ ಊರಿನಲ್ಲೇ ಆಗುತ್ತದೆ, ಗಂಡನ ಊರಿನಲ್ಲಲ್ಲ. ಅವಧಿ 21 ದಿನ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಮಾಹಿತಿ ಅವರೇ ಕಳಿಸುತ್ತಾರೆ. ಡಿಸ್ಚಾರ್ಜ್‌ಗೆ ಮುಂಚೆ ಆ ಫಾರಂ ಕೇಳಿ, ಅಪ್ಪ ಅಮ್ಮನ ಹೆಸರು ಆಧಾರ್‌ನಂತೆಯೇ ಇದೆಯೇ, ಶಾಶ್ವತ ವಿಳಾಸ ಯಾವುದು ಬರೆದಿದ್ದಾರೆ ಎಂದು ಓದಿ ನೋಡಿ. ಅಲ್ಲಿ ತಿದ್ದಲು ಎರಡು ನಿಮಿಷ, ಪ್ರಮಾಣಪತ್ರ ಬಂದ ಮೇಲೆ ಅಫಿಡವಿಟ್ಟು, ಅಲೆದಾಟ. ನಾಮಕರಣ ಆಗಿಲ್ಲವೆಂದು ನೋಂದಣಿ ತಡ ಮಾಡಬೇಡಿ. ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದಕ್ಕೂ ಹೋಗಬೇಕಾದ್ದು ಅದೇ ನೋಂದಣಾಧಿಕಾರಿಯ ಬಳಿ, ಆದ್ದರಿಂದ ತವರಿನಿಂದ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ.