ಅಕ್ಕಿಗೊಂದು ದಾರಿ, ಹೊಟ್ಟಿಗೊಂದು ದಾರಿ

ನನ್ನದು ಗಂಗಾವತಿಯ ಹತ್ತು ಚಕ್ರದ ಲಾರಿ. ಒಮ್ಮೆ ಅಕ್ಕಿ ಚೀಲ ತುಂಬುತ್ತೇವೆ, ಒಮ್ಮೆ ರೈಸ್ ಮಿಲ್ಲಿನ ಹೊಟ್ಟು. ಎರಡೂ ಬಳ್ಳಾರಿ ಕಡೆಗೇ. ಆದರೆ ದಾರಿ ಹುಡುಕುವ ಲೆಕ್ಕ ಬೇರೆ.

ಅಕ್ಕಿಗೆ ಭಾರದ ಚಿಂತೆ. ಹತ್ತು ಚಕ್ರಕ್ಕೆ ಲಾರಿಯ ತೂಕವೂ ಸೇರಿ 28.5 ಟನ್ ಮಿತಿ. 2018ಕ್ಕಿಂತ ಮುಂಚೆ 25 ಇತ್ತು. ಮಿತಿ ಏರಿತು ಅಂತ ಕಾಲುವೆ ಮೇಲಿನ ಹಳೇ ಸೇತುವೆಗಳೂ ಗಟ್ಟಿಯಾದವಾ? ಅಕ್ಕಿ ತುಂಬಿದ್ದರೆ ಕಾಲುವೆ ದಂಡೆಯ ರಸ್ತೆಗೆ ನಾನು ಇಳಿಯುವುದೇ ಇಲ್ಲ. ಮಳೆಗಾಲದಲ್ಲಿ ಸೈಡ್ ಕೊಡಲು ಹೋಗಿ ಎಡಗಡೆ ಚಕ್ರ ಎರೆಮಣ್ಣಿಗೆ ಇಳಿದರೆ ಜೆಸಿಬಿ ಕರೆಸಬೇಕು.

ಹೊಟ್ಟು ಹಗುರ, ಆದರೆ ಉಬ್ಬುತ್ತೆ. ಕಾನೂನಿನ ಎತ್ತರ 4 ಮೀಟರ್. ಟಾರ್ಪಾಲ್ ಹಾಕಿ ಹಗ್ಗ ಬಿಗಿದ ಮೇಲೆ ಕ್ಲೀನರ್ ಹುಡುಗನನ್ನು ಹತ್ತಿಸುತ್ತೇನೆ. ನಡುವಿನ ಉಬ್ಬಿನ ಮೇಲೆ ಅವನು ಬಿದಿರನ್ನು ಅಡ್ಡ ಹಿಡಿಯುತ್ತಾನೆ. ಬಿದಿರಿನ ತುದಿಯಿಂದ ನಾನು ನೆಲದವರೆಗೆ ಟೇಪ್ ಹಿಡಿಯುತ್ತೇನೆ. ಬರೀ ಬಾಡಿ ಪಕ್ಕ ಅಳೆದರೆ ಉಬ್ಬು ಲೆಕ್ಕಕ್ಕೇ ಬರಲ್ಲ. ಆ ಅಂಕಿಯನ್ನು ಕ್ಯಾಬಿನ್ ಬಾಗಿಲಿನ ಒಳಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ರೈಲ್ವೆ ಕೆಳಸೇತುವೆಯ ಬೋರ್ಡಿನ ಅಂಕಿ ನೋಡಿದ ತಕ್ಷಣ ಹೋಲಿಸಬಹುದು. ಕೆಳಗೆ ಹೊಸದಾಗಿ ಡಾಂಬರು ಬಿದ್ದಿದ್ದರೆ ಬೋರ್ಡನ್ನೂ ಪೂರ್ತಿ ನಂಬಬೇಡಿ. ಹಳ್ಳಿಯಲ್ಲಿ ಜೋತುಬಿದ್ದ ಕರೆಂಟ್ ತಂತಿಯನ್ನು ಕೋಲಿನಿಂದ ಎತ್ತಿ ದಾಟಿಸುವವರಿದ್ದಾರೆ. ಅದು ಹುಚ್ಚು ಧೈರ್ಯ. ನಾನು ರಿವರ್ಸ್ ತಗೊಂಡು ವಾಪಸ್ ಬರುತ್ತೇನೆ.

ಮೊಬೈಲ್ ಮ್ಯಾಪ್ ನೋಡುತ್ತೇನೆ, ದೂರಕ್ಕೆ ಮಾತ್ರ. ಅದು ನಮ್ಮನ್ನು ಕಾರು ಅಂದುಕೊಂಡಿರುತ್ತೆ. ಹೊಸಪೇಟೆಗೆ ಆನೆಗೊಂದಿ, ಸಾಣಾಪುರದ ಮೇಲೆ ಹೋಗು ಅಂದರೂ ಅನ್ನಬಹುದು. ಬಂಡೆಗಳ ನಡುವೆ ಆ ತಿರುವುಗಳು, ಶನಿವಾರವಾದರೆ ಅಂಜನಾದ್ರಿಯ ಜನ. ಲೋಡ್ ಗಾಡಿಗೆ ಅಲ್ಲೇನು ಕೆಲಸ? ಅದಕ್ಕಿಂತ ಪಂಕ್ಚರ್ ಅಂಗಡಿ ಹತ್ತಿರ ನಿಲ್ಲಿಸಿ, ಆ ಕಡೆಯಿಂದ ಬಂದ ಡ್ರೈವರನ್ನು ಕೇಳುತ್ತೇನೆ, "ಅಣ್ಣಾ, ರೋಡ್ ಹ್ಯಾಂಗೈತ್ರಿ?" ಅವನೂ ಲೋಡ್ ತಂದಿದ್ದನಾ ಅಂತಲೂ ಕೇಳಬೇಕು. ಖಾಲಿ ಗಾಡಿಯವನಿಗೆ ಎಲ್ಲಾ ರಸ್ತೆಯೂ ಚೆನ್ನಾಗಿರುತ್ತೆ.

ಬಳ್ಳಾರಿಗೆ ಕಂಪ್ಲಿ, ಕುರುಗೋಡು ಮೇಲೆ ಹೋದರೆ ಹತ್ತಿರ. ಆದರೆ ತುಂಗಭದ್ರಾ ಡ್ಯಾಂನಿಂದ ನೀರು ಜಾಸ್ತಿ ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತೆ. ಮಳೆಗಾಲದಲ್ಲಿ ಡ್ಯಾಂ ಹೊರಹರಿವು ನೋಡದೆ ನಾನು ಗಾಡಿ ತೆಗೆಯುವುದಿಲ್ಲ. ಸೇತುವೆ ಬಂದ್ ಆದರೆ ಹೊಸಪೇಟೆ ಸುತ್ತಿ ರಾಷ್ಟ್ರೀಯ ಹೆದ್ದಾರಿ 67 ಹಿಡಿಯಬೇಕು. ಅದಕ್ಕೇ ಬಾಡಿಗೆ ಮಾತಾಡುವಾಗಲೇ ಪಾರ್ಟಿಗೆ ಹೇಳಿಬಿಡುತ್ತೇನೆ, ಕಂಪ್ಲಿ ಮೇಲಾದರೆ ಇಷ್ಟು, ಹೊಸಪೇಟೆ ಮೇಲಾದರೆ ಇಷ್ಟು.