ಬಾಡಿಗೆ ಮನೆಗೆ ಸೋಲಾರ್ ಬ್ಯಾಟರಿ: ಕೊಳ್ಳುವ ಮುಂಚೆ ಮೂರು ದಿನ ಬಿಸಿಲು ನೋಡಿ

ಮನೆ ಬದಲಾಯಿಸುವಾಗ ನನಗೆ ಅತಿ ಜಾಸ್ತಿ ಕಾಟ ಕೊಟ್ಟ ಸಾಮಾನು ಇನ್ವರ್ಟರ್ ಬ್ಯಾಟರಿ. 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಅಂದರೆ 50 ಕಿಲೋಗೂ ಮೇಲೆ. ಮೂರನೇ ಮಹಡಿಯಿಂದ ಇಬ್ಬರು ಹಿಡಿದು ಇಳಿಸುವಾಗ ಅದು ವಾಲಿತು. ಮುಚ್ಚಳದ ಸಂದಿಯಿಂದ ಆ್ಯಸಿಡ್ ಜಿನುಗಿ ಮಾರ್ಬಲ್ ಮೆಟ್ಟಿಲ ಮೇಲೆ ನೊರೆ ಎದ್ದಿತು. ಒರೆಸಿದರೂ ಅಂಗೈಯಗಲದ ಬಿಳಿ ಕಲೆ ಉಳಿಯಿತು. ಅದರ ದುಡ್ಡು ಅಡ್ವಾನ್ಸಿನಲ್ಲಿ ಮುರಿದುಹೋಯಿತು. ಗೋಡೆಯೊಳಗೆ ಎಳೆಸಿದ್ದ ವೈರ್ ಆ ಮನೆಯಲ್ಲೇ ಉಳಿಯಿತು.

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪವರ್ ಸ್ಟೇಷನ್‌ನಲ್ಲಿ ಈ ಗೋಳಿಲ್ಲ. ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಎಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. ಗೋಡೆಯ ಪ್ಲಗ್‌ನಿಂದಲೂ ಚಾರ್ಜ್ ಮಾಡಬಹುದು, ಸೋಲಾರ್ ಪ್ಯಾನೆಲ್‌ನಿಂದಲೂ ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಲ್ ಉಳಿಸಲು ಇದನ್ನು ಕೊಳ್ಳಬೇಡಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಅದು ಸಿಗುತ್ತದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಆದರೆ ಅದು ಮನೆಯ ಚಾವಣಿ ಮೇಲೆ ಸೋಲಾರ್ ಹಾಕಿಸುವವರಿಗೆ. ಈ ಡಬ್ಬಿಗೆ ಅದು ಬರುವುದಿಲ್ಲ. ನಮಗೆ ಬೇಕಾದದ್ದು ಕರೆಂಟ್ ಹೋದಾಗ ಕೆಲಸ ನಿಲ್ಲಬಾರದು, ಮಗು ಸೆಖೆಗೆ ಏಳಬಾರದು ಅನ್ನುವಷ್ಟೇ, ಅಲ್ವಾ?

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕರೆಂಟ್ ಹೋದಾಗ ಏನೇನು ಓಡಲೇಬೇಕು, ಎಷ್ಟು ಹೊತ್ತು ಓಡಬೇಕು ಅಂತ ಬರೆಯಿರಿ. ವ್ಯಾಟ್ ಎಷ್ಟು ಅನ್ನುವುದು ಪ್ರತಿ ಸಾಮಾನಿನ ಹಿಂದಿನ ಚೀಟಿಯಲ್ಲಿರುತ್ತದೆ.

ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. ನಮ್ಮ ಮನೆಯ ಲೆಕ್ಕ ಹೀಗಿತ್ತು. 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಟೇಬಲ್ ಫ್ಯಾನ್ ಎರಡು, 4 ಗಂಟೆ: 240. ವೈಫೈ ರೂಟರ್ 10 ವ್ಯಾಟ್, 4 ಗಂಟೆ: 40. 9 ವ್ಯಾಟಿನ ಎಲ್‌ಇಡಿ ಬಲ್ಬ್ ಮೂರು, 4 ಗಂಟೆ: 108. ಲ್ಯಾಪ್‌ಟಾಪ್ 50 ವ್ಯಾಟ್, 3 ಗಂಟೆ: 150. ಒಟ್ಟು 538 ವ್ಯಾಟ್-ಅವರ್. ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಬಂದ ಮೊತ್ತವನ್ನು 0.85ರಿಂದ ಭಾಗಿಸಿ. 633 ಬಂತು. ಬ್ಯಾಟರಿಯನ್ನು ತಳದವರೆಗೆ ಹಿಂಡಬಾರದು, ವರ್ಷ ಕಳೆದಂತೆ ಅದರ ಶಕ್ತಿಯೂ ಕುಗ್ಗುತ್ತದೆ. ಅದಕ್ಕೆ 750ರಿಂದ 1000 ವ್ಯಾಟ್-ಅವರ್ ಒಳಗಿನದು ನಮಗೆ ಸರಿ. 1000 ವ್ಯಾಟ್-ಅವರ್ ಅಂದರೆ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್.

ಇದೇ ಲೆಕ್ಕದಲ್ಲಿ 75 ವ್ಯಾಟಿನ ಹಳೇ ಫ್ಯಾನ್ ಎರಡು ಹಾಕಿ ನೋಡಿ. ಫ್ಯಾನಿಗೇ 600 ಹೋಗುತ್ತದೆ. ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವುದಕ್ಕಿಂತ ಫ್ಯಾನ್ ಬದಲಾಯಿಸುವುದು ಅಗ್ಗ.

ಫ್ರಿಜ್ ಬಿಟ್ಟುಬಿಡಿ. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಗೀಸರ್, ಇಂಡಕ್ಷನ್ ಒಲೆಯ ಯೋಚನೆಯೂ ಬೇಡ. ಬರೀ ವೈಫೈ ಓಡಿದರೆ ಸಾಕು ಅನ್ನುವವರಿಗೆ ಇದ್ಯಾವುದೂ ಬೇಡ, ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು.

ಸೀಲಿಂಗ್ ಫ್ಯಾನ್, ಗೋಡೆಯ ಲೈಟು ಎರಡೂ ಗೋಡೆಯೊಳಗಿನ ವೈರಿಗೆ ಸೇರಿದವು. ಅವುಗಳಿಗೆ ಈ ಡಬ್ಬಿಯಿಂದ ನೇರವಾಗಿ ಕರೆಂಟ್ ಹೋಗದು. ಪ್ಲಗ್ ಇರುವ ಫ್ಯಾನ್, ಪ್ಲಗ್ ಇರುವ ಲ್ಯಾಂಪ್ ಇಟ್ಟುಕೊಳ್ಳಿ. ಎರಡು ಕಡೆಯೂ ಪ್ಲಗ್ ಇರುವ ವೈರ್ ಮಾಡಿ ಡಬ್ಬಿಯ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಲೈನ್ ರಿಪೇರಿಗೆ ಕಂಬ ಹತ್ತಿದವರ ಜೀವಕ್ಕೇ ಅದು ಅಪಾಯ. ಮನೆಯಲ್ಲಿ ಮೊದಲೇ ಇನ್ವರ್ಟರ್ ಪಾಯಿಂಟ್ ಇದ್ದರೂ ಎಲೆಕ್ಟ್ರಿಷಿಯನ್ ನೋಡಿ ಆಗಬಹುದು ಅಂದ ಮೇಲೆಯೇ ಮುಂದಿನ ಮಾತು.

ವ್ಯಾಟ್ ಬೇರೆ, ವ್ಯಾಟ್-ಅವರ್ ಬೇರೆ

ನಾನು ಮೊದಲು ಎಡವಿದ್ದು ಇಲ್ಲೇ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 500 ಅಂತಿತ್ತು. ಅಂಗಡಿಯವರು "ನಿಮಗೆ ಧಾರಾಳ ಸಾಕು" ಅಂದರು, ನಾನು ಕೊಂಡುಕೊಂಡು ಬಂದೆ. ಎರಡೇ ಗಂಟೆಗೆ ಸದ್ದು ಮಾಡಿ ಆರಿಹೋಯಿತು. ಆಮೇಲೆ ಹಿಂದೆ ತಿರುಗಿಸಿ ಓದಿದರೆ 500 ಅನ್ನುವುದು ವ್ಯಾಟ್. ಒಳಗಿದ್ದ ಬ್ಯಾಟರಿ 300 ವ್ಯಾಟ್-ಅವರ್ ಕೂಡ ಇರಲಿಲ್ಲ.

ವ್ಯಾಟ್ ಅಂದರೆ ನಲ್ಲಿಯ ಅಗಲ, ವ್ಯಾಟ್-ಅವರ್ ಅಂದರೆ ಟ್ಯಾಂಕಿನ ನೀರು. ಒಟ್ಟಿಗೆ ಎಷ್ಟು ಸಾಮಾನು ಓಡುತ್ತವೆ ಅಂತ ಮೊದಲನೆಯದು ಹೇಳುತ್ತದೆ, ಎಷ್ಟು ಹೊತ್ತು ಓಡುತ್ತವೆ ಅಂತ ಎರಡನೆಯದು. ವ್ಯಾಟ್-ಅವರ್ ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 12.8 ವೋಲ್ಟ್, 60 ಆಂಪಿಯರ್-ಅವರ್ ಆದರೆ 768. ಎರಡು ಡಬ್ಬಿ ಹೋಲಿಸುವಾಗ ಬೆಲೆಯನ್ನು ವ್ಯಾಟ್-ಅವರ್‌ನಿಂದ ಭಾಗಿಸಿ. ಯಾವುದು ನಿಜವಾಗಿ ಅಗ್ಗ ಅಂತ ಆಗ ತಿಳಿಯುತ್ತದೆ.

ಒಳಗಿನ ಬ್ಯಾಟರಿ

ಲಿಥಿಯಂ ಐರನ್ ಫಾಸ್ಫೇಟ್ ಇರುವುದನ್ನೇ ಕೇಳಿ. ಚೀಟಿಯಲ್ಲಿ ಎಲ್‌ಎಫ್‌ಪಿ ಅಂತಲೂ ಬರೆದಿರುತ್ತಾರೆ. ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಇದು ಬಿಸಿ ತಡೆಯುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ. ಸಾವಿರ ವ್ಯಾಟ್-ಅವರ್‌ನ ಡಬ್ಬಿ ಸಾಮಾನ್ಯವಾಗಿ ಖಾಲಿ ಗ್ಯಾಸ್ ಸಿಲಿಂಡರಿಗಿಂತ ಹಗುರ. ಔಟ್‌ಪುಟ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೆ ನಯವಾದ ಅಲೆ) ಇರಲಿ, ಇಲ್ಲದಿದ್ದರೆ ಫ್ಯಾನ್ ಗುಂಯ್ ಅನ್ನುತ್ತದೆ. ಬಿಐಎಸ್ ಗುರುತು, ವಾರಂಟಿ ಕಾರ್ಡ್, ನಿಮ್ಮ ಊರಲ್ಲೇ ಸರ್ವಿಸ್ ಇದೆಯಾ ಅನ್ನುವುದು, ಈ ಮೂರನ್ನೂ ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ.

ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು?

ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಪ್ಯಾನೆಲ್ ವಿಷಯದಲ್ಲೇ. ಕೊಳ್ಳುವ ಮುಂಚೆ ಮೂರು ದಿನ ಬಾಲ್ಕನಿಯಲ್ಲಿ ಒಂದು ಕುರ್ಚಿ ಇಡಿ. ಅದರ ಮೇಲೆ ನೇರ ಬಿಸಿಲು ಯಾವಾಗ ಬಿತ್ತು, ಯಾವಾಗ ಹೋಯಿತು ಅಂತ ಬರೆದಿಡಿ. ಬೆಳಕಿದ್ದರೆ ಸಾಲದು, ಕುರ್ಚಿಯ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಕಾಣಬೇಕು.

"ದಕ್ಷಿಣಕ್ಕೆ ಮುಖ ಇದ್ದರೆ ಒಳ್ಳೇದು" ಅಂತ ಎಲ್ಲರೂ ಹೇಳುತ್ತಾರೆ. ಚಾವಣಿಗೆ ಅದು ನಿಜ. ಬಾಲ್ಕನಿಗೆ ವರ್ಷವಿಡೀ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಹೊತ್ತಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಮೇಲೆ ಸ್ಲ್ಯಾಬ್ ಇರುವ ದಕ್ಷಿಣದ ಬಾಲ್ಕನಿಗೆ ಆಗ ನೇರ ಬಿಸಿಲೇ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಅದೇ ಬಾಲ್ಕನಿ ತುಂಬ ಬಿಸಿಲು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುವ ನಮ್ಮ ಕಡೆ ಪೂರ್ವದ ಬಾಲ್ಕನಿ ಹೆಚ್ಚು ನಂಬಿಕಸ್ಥ.

ನೇರ ಬಿಸಿಲು ಮೂರು ಗಂಟೆ ಸಿಕ್ಕಿದರೆ 100 ವ್ಯಾಟಿನ ಪ್ಯಾನೆಲ್‌ನಿಂದ ದಿನಕ್ಕೆ ಸುಮಾರು 200 ವ್ಯಾಟ್-ಅವರ್ ಬರಬಹುದು. ಅಂದರೆ ನಮ್ಮ 633 ತುಂಬಲು ಮೂರು ದಿನ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಗೋಡೆಯ ಪ್ಲಗ್ಗೇ ಮುಖ್ಯ, ಸೋಲಾರ್ ಅದಕ್ಕೆ ಜೊತೆ. ಕುರ್ಚಿಗೆ ಎರಡು ಗಂಟೆಗಿಂತ ಕಡಿಮೆ ಬಿಸಿಲು ಬಿದ್ದಿದ್ದರೆ ನನ್ನ ಸಲಹೆ, ಈಗ ಡಬ್ಬಿ ಮಾತ್ರ ಕೊಳ್ಳಿ. ಬಿಸಿಲಿರುವ ಮನೆಗೆ ಹೋದಾಗ ಪ್ಯಾನೆಲ್ ತಂದುಕೊಳ್ಳಬಹುದು. ಸೋಲಾರ್ ಇನ್‌ಪುಟ್ ಇದೆಯಾ ಅಂತ ಮಾತ್ರ ಈಗಲೇ ನೋಡಿಕೊಂಡಿರಿ.

ಆ ಇನ್‌ಪುಟ್ಟಿನ ವೋಲ್ಟ್ ಮಿತಿಯನ್ನೂ ಓದಿ. 12ರಿಂದ 30 ವೋಲ್ಟ್ ಅಂತಿದ್ದರೆ, ಸುಮಾರು 22 ವೋಲ್ಟ್ ಕೊಡುವ 100 ವ್ಯಾಟಿನ ಪ್ಯಾನೆಲ್ ಒಂದು ಹೊಂದುತ್ತದೆ. ಅಂಥವೆರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಜೋಡಿಸಿದರೆ 44 ಆಗಿ ಡಬ್ಬಿ ಸುಟ್ಟುಹೋಗಬಹುದು. ಬಟ್ಟೆ ಒಣಹಾಕುವ ತಂತಿಯ ಮೇಲೂ ಕಣ್ಣಿಡಿ. ಪ್ಯಾನೆಲ್‌ನ ಒಂದು ಮೂಲೆಗೆ ಟವೆಲಿನ ನೆರಳು ಬಿದ್ದರೂ ಕರೆಂಟ್ ಅರ್ಧಕ್ಕರ್ಧ ಇಳಿಯಬಹುದು.

ಓನರ್ ಹತ್ತಿರ ಮಾತು

ಗೋಡೆಗೆ ಡ್ರಿಲ್ ಹಾಕುವುದಿಲ್ಲ, ಮೀಟರ್ ಮುಟ್ಟುವುದಿಲ್ಲ ಅಂತ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಟೆರೇಸಿನಲ್ಲಿ ಇಡುವುದಾದರೆ ಒಪ್ಪಿಗೆಯನ್ನು ವಾಟ್ಸ್ಆ್ಯಪ್ಪಿನಲ್ಲಿ ಬರಹದಲ್ಲೇ ತೆಗೆದುಕೊಳ್ಳಿ. ಪ್ಯಾನೆಲನ್ನು ರೇಲಿಂಗಿನ ಒಳಗಡೆಯೇ ಇಡಿ, ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿ. ಆಷಾಢದ ಗಾಳಿಗೆ ಅದು ಹಾರಿ ಕೆಳಗೆ ಹೋಗುವವರ ತಲೆ ಮೇಲೆ ಬಿದ್ದರೆ ಗತಿ ಏನು? ಮಡಚುವ ಬಟ್ಟೆಯ ಪ್ಯಾನೆಲನ್ನು ಮಳೆಯಲ್ಲಿ ಬಿಡಬೇಡಿ. ಡಬ್ಬಿಯಂತೂ ಬಿಸಿಲಿಗೆ ಹೋಗಲೇಬಾರದು, ಅದರ ಜಾಗ ಮನೆಯೊಳಗೆ, ಗಾಳಿಯಾಡುವ ಕಡೆ.

ತಂದ ವಾರದಲ್ಲೇ ಪರೀಕ್ಷೆ

ಡಬ್ಬಿ ಬಂದ ರಟ್ಟಿನ ಪೆಟ್ಟಿಗೆ ಎಸೆಯಬೇಡಿ. ಒಂದು ಭಾನುವಾರ ಪೂರ್ತಿ ಚಾರ್ಜ್ ಮಾಡಿ, ಸಂಜೆ ಮೇನ್ ಸ್ವಿಚ್ ಆಫ್ ಮಾಡಿ. ಪಟ್ಟಿಯಲ್ಲಿ ಬರೆದದ್ದನ್ನೆಲ್ಲ ಒಟ್ಟಿಗೆ ಓಡಿಸಿ. ಪರದೆಯಲ್ಲಿ 80, 60, 40, 20 ಬಂದ ಹೊತ್ತನ್ನು ಬರೆಯುತ್ತಾ ಹೋಗಿ. ಡಬ್ಬಿಯ ವ್ಯಾಟ್-ಅವರ್ ಅನ್ನು 0.85ರಿಂದ ಗುಣಿಸಿ, ಓಡುತ್ತಿರುವ ಸಾಮಾನುಗಳ ಒಟ್ಟು ವ್ಯಾಟ್‌ನಿಂದ ಭಾಗಿಸಿದರೆ ಎಷ್ಟು ಗಂಟೆ ಬರಬೇಕು ಅಂತ ತಿಳಿಯುತ್ತದೆ. ಆ ಲೆಕ್ಕಕ್ಕಿಂತ ಅರ್ಧ ಗಂಟೆ ಹಿಂದೆ ಮುಂದೆ ಆದರೆ ಪರವಾಗಿಲ್ಲ. ಒಂದು ಗಂಟೆಗಿಂತ ಜಾಸ್ತಿ ಕಡಿಮೆ ಬಂದರೆ ಹೊತ್ತು ಬರೆದ ಆ ಚೀಟಿ, ಬಿಲ್ಲು, ಪೆಟ್ಟಿಗೆಯ ಸಮೇತ ಡಬ್ಬಿ, ಮೂರನ್ನೂ ಹಿಡಿದು ಸೋಮವಾರವೇ ಅಂಗಡಿಗೆ ಹೋಗಿ.